ಜ್ಯೂಸೇ ಕುಡಿದ್ರೂ ಲೋಟದ ಮೇಲೆ ಕಣ್ಣಿರಲಿ

'ಅಮ್ಮಾ, ಶನಿವಾರ ಫ್ರೆಂಡ್ ಬರ್ತ್‌ಡೇ. ಕೋರಮಂಗಲದಲ್ಲಿ ಪಾರ್ಟಿ. ಬರೋದು ಸ್ವಲ್ಪ ಲೇಟಾಗುತ್ತೆ...'

ಮಗಳು ಹೀಗಂದ ಕೂಡಲೇ ನಿಮ್ಮ ಬಾಯಿಂದ ಬರುವ ಮೊದಲ ಪ್ರಶ್ನೆ ಯಾವುದು? ಯಾರ್ಯಾರು ಬರ್ತಾರೆ, ಹುಡುಗರೂ ಇರ್ತಾರಾ, ಎಷ್ಟು ಗಂಟೆಗೆ ವಾಪಸ್ ಬರ್ತೀಯಾ, ಯಾವ ಡ್ರೆಸ್ ಹಾಕ್ಕೊಂಡು ಹೋಗ್ತೀಯಾ. ಕೊನೆಗೆ ದನಿ ತಗ್ಗಿಸಿ, 'ಅಲ್ಲಿ ಕುಡಿಯೋದು ಗಿಡಿಯೋದು ಏನೂ ಇಲ್ಲ ತಾನೆ?' ಮಗಳು 'ಇಲ್ಲಮ್ಮಾ' ಅಂತಾಳೆ. ನಿಮಗೂ ಸಮಾಧಾನ, ಅವಳಿಗೂ ಸಮಾಧಾನ. ಆದರೆ ತಾಯಿ ಮಗಳ ನಡುವೆ ನಡೆಯಲೇಬೇಕಾಗಿದ್ದ ಒಂದು ಮಾತು ಅಲ್ಲಿಗೆ ನಿಂತುಹೋಗುತ್ತೆ.

ಆ ಮಾತು ಯಾವುದು ಅಂದರೆ, ಅವಳ ಲೋಟದಲ್ಲಿ ಅವಳಿಗೆ ಗೊತ್ತಿಲ್ಲದ ಹಾಗೆ ಬೇರೆಯವರು ಏನಾದರೂ ಬೆರೆಸಿದರೆ ಏನು ಮಾಡಬೇಕು ಅನ್ನೋದು. ಡ್ರಿಂಕ್ ಸ್ಪೈಕಿಂಗ್ ಅಂತ ಕರೀತಾರೆ ಇದನ್ನ. ಪತ್ರಿಕೆಯಲ್ಲಿ ಇಂಥ ಸುದ್ದಿ ಬಂದಾಗ ನಾವೆಲ್ಲ ಓದುತ್ತೇವೆ, 'ಅಯ್ಯೋ ಪಾಪ' ಅನ್ನುತ್ತೇವೆ, ಜೊತೆಗೇ 'ಅಂಥ ಜಾಗಕ್ಕೆ ಯಾಕೆ ಹೋಗಬೇಕಿತ್ತು?' ಅಂತ ಒಂದು ಮಾತು ಸೇರಿಸುತ್ತೇವೆ. ನಿಮ್ಮ ಮಗಳು ಪಕ್ಕದಲ್ಲೇ ಕೂತು ಟೀವಿ ನೋಡ್ತಾ ಇರ್ತಾಳೆ. ನೀವು ಅಂದಿದ್ದು ಅವಳ ಕಿವಿಗೆ ಬಿದ್ದಿರುತ್ತೆ. ನಾಳೆ ಅವಳಿಗೇ ತೊಂದರೆಯಾದರೆ ನಿಮಗೆ ಫೋನ್ ಮಾಡಬೇಕೋ ಬೇಡವೋ ಅನ್ನೋದನ್ನ ಅವಳು ಆ ಕ್ಷಣದಲ್ಲೇ ತೀರ್ಮಾನ ಮಾಡಿಬಿಡ್ತಾಳೆ ಗೊತ್ತಾ?

ನಾನು ಕುಡಿಯೋದೇ ಇಲ್ವಲ್ಲ!

ಇದು ಬಾರ್‌ಗೆ ಹೋಗೋ ಹುಡುಗಿಯರ ಸಮಸ್ಯೆ, ನಮಗೇಕೆ ಅಂತ ಪುಟ ತಿರುಗಿಸಬೇಡಿ. ಯಜಮಾನರ ಆಫೀಸಿನ ಪಾರ್ಟಿ, ಅಪಾರ್ಟ್‌ಮೆಂಟಿನ ನ್ಯೂ ಇಯರ್, ರೆಸಾರ್ಟ್‌ನಲ್ಲಿ ಗೆಟ್ ಟುಗೆದರ್, ಈಗೀಗ ನಮ್ಮ ಮದುವೆಗಳಿಗೂ ಕಾಲಿಟ್ಟಿರುವ ಸಂಗೀತ್ ಕಾರ್ಯಕ್ರಮ... ಇಲ್ಲೆಲ್ಲ ನೀವೂ ಹೋಗ್ತೀರಿ. ಕೈಯಲ್ಲಿ ಒಂದು ಲೋಟ ಇದ್ದೇ ಇರುತ್ತೆ. ಅದರಲ್ಲಿರೋದು ಮೂಸಂಬಿ ಜ್ಯೂಸೋ, ಮಾಕ್‌ಟೇಲೋ, ಕೋಕೋ, ಬೆರೆಸುವವನಿಗೆ ಯಾವುದಾದರೂ ಒಂದೇ. ಸಿಹಿ, ಹುಳಿ, ಗ್ಯಾಸು ಇರುವ ಪಾನೀಯವಾದರೆ ಅವನಿಗೆ ಇನ್ನೂ ಅನುಕೂಲ, ರುಚಿ ವ್ಯತ್ಯಾಸ ಗೊತ್ತಾಗೋದಿಲ್ಲ.

ಯೋಚನೆ ಮಾಡಿ, ಈ ಮೋಸ ನಮಗೆ ಹೊಸದೇನಲ್ಲ. ರೈಲಿನಲ್ಲಿ ಅಪರಿಚಿತರು ಕೊಟ್ಟ ಬಿಸ್ಕತ್ತು, ಟೀ ಮುಟ್ಟಬೇಡಿ ಅಂತ ಎಷ್ಟು ವರ್ಷದಿಂದ ಕೇಳ್ತಾ ಬಂದಿದ್ದೀವಿ. 'ಎಲ್ಲಿಗೆ ಹೊರಟ್ರಿ ಅಮ್ಮಾ?' ಅಂತ ಪ್ರೀತಿಯಿಂದ ಮಾತಾಡಿಸಿ, ಬಿಸ್ಕತ್ ಕೊಟ್ಟು, ನಿದ್ದೆ ಬಂದ ಮೇಲೆ ಮಾಂಗಲ್ಯ, ಸೂಟ್‌ಕೇಸ್ ಎತ್ತಿಕೊಂಡು ಇಳಿದುಹೋಗುವ ಕಳ್ಳರು ಬಳಸೋದು ನಿದ್ದೆ ಮಾತ್ರೆಯನ್ನೇ. ಪಾರ್ಟಿಯಲ್ಲಿ ನಡೆಯೋದೂ ಅದೇ ಕೆಲಸ. ಅಲ್ಲಿ ಹೋಗೋದು ಒಡವೆ ಮಾತ್ರ ಅಲ್ಲ, ಅಷ್ಟೇ ವ್ಯತ್ಯಾಸ. ರೈಲಿನಲ್ಲಿ ಮೋಸಹೋದವರನ್ನ ನಾವು ಯಾರೂ 'ಊರಿಗೆ ಯಾಕೆ ಹೊರಟಿದ್ದೆ?' ಅಂತ ಕೇಳೋದಿಲ್ಲ ನೋಡಿ!

ಏನು ಬೆರೆಸ್ತಾರೆ? ಸಿನಿಮಾದಲ್ಲಿ ತೋರಿಸೋ ಹಾಗೆ ಉಂಗುರದೊಳಗಿನ ಬಿಳಿ ಪುಡಿ ಅಂದುಕೊಂಡಿದ್ದರೆ ಅದನ್ನ ಮರೆತುಬಿಡಿ. ಎಲ್ಲಕ್ಕಿಂತ ಸುಲಭವಾಗಿ ಸಿಗೋದು, ಎಲ್ಲಕ್ಕಿಂತ ಹೆಚ್ಚಾಗಿ ಬಳಕೆಯಾಗೋದು ಮದ್ಯವೇ. ಬ್ರಿಟನ್ನಿನ ವೇಲ್ಸ್‌ನಲ್ಲಿ ರೆಕ್ಸಮ್ ಅನ್ನೋ ಊರಿನ ಆಸ್ಪತ್ರೆಯ ವೈದ್ಯರು, ನಮ್ಮ ಪಾನೀಯದಲ್ಲಿ ಯಾರೋ ಏನೋ ಬೆರೆಸಿದ್ದಾರೆ ಅಂತ ಬಂದವರನ್ನ ಪರೀಕ್ಷೆ ಮಾಡಿ 2007ರಲ್ಲಿ ವರದಿ ಪ್ರಕಟಿಸಿದರು. ಹೆಚ್ಚಿನವರಲ್ಲಿ ಮತ್ತಿನ ಔಷಧಿಯ ಸುಳಿವು ಸಿಗಲಿಲ್ಲ. ಸಿಕ್ಕಿದ್ದು ಆಲ್ಕೋಹಾಲ್, ಅದೂ ವಿಪರೀತ ಪ್ರಮಾಣದಲ್ಲಿ. ಒಂದು ಪೆಗ್ ಕೇಳಿದವಳಿಗೆ ಎರಡು ಹಾಕೋದು, ಬಿಯರ್‌ಗೆ ಇನ್ನೇನನ್ನೋ ಸುರಿಯೋದು, ಜ್ಯೂಸ್ ಕುಡಿಯುವವಳ ಲೋಟಕ್ಕೆ ವೋಡ್ಕಾ ಬಗ್ಗಿಸೋದು, ಇದೆಲ್ಲವೂ ಸ್ಪೈಕಿಂಗೇ. ನಮ್ಮಲ್ಲಿ ಮಾರುವ ವೋಡ್ಕಾ, ವಿಸ್ಕಿಗಳಲ್ಲಿ ಸಾಮಾನ್ಯವಾಗಿ ನೂರಕ್ಕೆ 42.8 ಭಾಗ ಆಲ್ಕೋಹಾಲ್ ಇರುತ್ತೆ. ದೊಡ್ಡ ಪೆಗ್ ಅಂದರೆ 60 ಮಿಲಿ. ಒಮ್ಮೆಯೂ ಕುಡಿದು ಅಭ್ಯಾಸವಿಲ್ಲದ, ಬೆಳಿಗ್ಗೆಯಿಂದ ಸರಿಯಾಗಿ ಊಟವನ್ನೂ ಮಾಡದ 45 ಕೆ.ಜಿ. ತೂಕದ ಹುಡುಗಿಯ ಹೊಟ್ಟೆಗೆ ಅಂಥವು ಎರಡು ಹೋದರೆ ಏನಾಗಬಹುದು, ನೀವೇ ಹೇಳಿ.

'ಸುಮ್ನೆ ತಮಾಷೆಗೆ ಹಾಕಿದ್ವಿ, ಅವಳು ಯಾವಾಗಲೂ ಬಿಗುಮಾನ ಮಾಡ್ತಾಳೆ' ಅನ್ನುವವರಿದ್ದಾರೆ. ಹೆಂಗಸರ ಕಿಟಿ ಪಾರ್ಟಿಯಲ್ಲೂ ಇಂಥ ತಮಾಷೆ ನಡೆಯುತ್ತೆ ಅಂದರೆ ನಿಮಗೆ ಆಶ್ಚರ್ಯವೇನೂ ಆಗಲಾರದು. ನನ್ನ ಪ್ರಕಾರ ಇದರಷ್ಟು ಕೆಟ್ಟ ತಮಾಷೆ ಇನ್ನೊಂದಿಲ್ಲ. ಆಕೆ ಸಕ್ಕರೆ ಕಾಯಿಲೆಗೆ ಮಾತ್ರೆ ತಗೊಳ್ತಿರಬಹುದು, ಫಿಟ್ಸ್‌ಗೋ ನಿದ್ದೆಗೋ ಔಷಧಿ ನಡೀತಿರಬಹುದು, ಇನ್ನೂ ಯಾರಿಗೂ ಹೇಳದ ಎರಡು ತಿಂಗಳ ಬಸುರಿ ಇರಬಹುದು. ನಿದ್ದೆ ಮಾತ್ರೆಯ ಜೊತೆ ಮದ್ಯ ಸೇರಿದರೆ ಉಸಿರಾಟವೇ ನಿಧಾನವಾಗಿ ಪ್ರಾಣಕ್ಕೆ ಸಂಚಕಾರ ಬರುತ್ತೆ.

ಇನ್ನು ಔಷಧಿಗಳ ವಿಚಾರ. ಆತಂಕಕ್ಕೆ, ನಿದ್ದೆಗೆ ಅಂತ ಡಾಕ್ಟರು ಬರೆದುಕೊಡುವ ಮಾತ್ರೆಗಳೇ ಇದರಲ್ಲೂ ಬಳಕೆಯಾಗ್ತವೆ. ಆಲ್‌ಪ್ರಜೋಲಾಂ, ಜೋಲ್ಪಿಡೆಮ್ ಮುಂತಾದವುಗಳನ್ನ 2014ರಿಂದ ಎಚ್1 ಪಟ್ಟಿಗೆ ಸೇರಿಸಿದ್ದಾರೆ. ಚೀಟಿ ಇಲ್ಲದೆ ಮಾರುವ ಹಾಗಿಲ್ಲ, ಮೆಡಿಕಲ್ ಸ್ಟೋರಿನವರು ಯಾರಿಗೆ ಕೊಟ್ಟೆವು ಅಂತ ಪುಸ್ತಕದಲ್ಲಿ ಬರೆದಿಡಬೇಕು. ಆದರೆ ಎಷ್ಟೋ ಮನೆಗಳಲ್ಲಿ ಅತ್ತೆಯದ್ದೋ ಮಾವನದ್ದೋ ಮಾತ್ರೆ ಪಟ್ಟಿ ಫ್ರಿಜ್ ಮೇಲಿನ ಡಬ್ಬಿಯಲ್ಲಿ ಯಾರ ಕೈಗೆ ಬೇಕಾದರೂ ಸಿಗುವ ಹಾಗೆ ಬಿದ್ದಿರುತ್ತೆ. ಅದನ್ನ ಬೀಗ ಹಾಕುವ ಕಡೆ ಇಡಿ. ರೋಹಿಪ್ನಾಲ್ ಅನ್ನೋ ಮಾತ್ರೆ ಇಂಥ ಕೃತ್ಯಗಳಿಂದಾಗಿಯೇ ಎಷ್ಟು ಕುಖ್ಯಾತವಾಯ್ತು ಅಂದರೆ, ತಯಾರಿಸುವ ಕಂಪನಿಯೇ ಅದಕ್ಕೆ ನೀಲಿ ಬಣ್ಣ ಸೇರಿಸಿ, ಪಾನೀಯದಲ್ಲಿ ಹಾಕಿದರೆ ಗೊತ್ತಾಗುವ ಹಾಗೆ ಮಾಡಬೇಕಾಯ್ತು. ಆದರೆ ಎಲ್ಲಾ ಮಾತ್ರೆಗೂ ಬಣ್ಣ ಇರೋದಿಲ್ಲ. ಜಿಎಚ್‌ಬಿ ಅನ್ನೋ ದ್ರವಕ್ಕೆ ಬಣ್ಣವೂ ಇಲ್ಲ, ವಾಸನೆಯೂ ಇಲ್ಲ. 'ನಂಗೆ ರುಚಿಯಲ್ಲೇ ಗೊತ್ತಾಗುತ್ತೆ ಬಿಡಿ' ಅನ್ನೋ ಧೈರ್ಯ ಬೇಡ.

ಈ ಔಷಧಿಗಳಲ್ಲಿ ಇನ್ನೊಂದು ಅಪಾಯವಿದೆ. ಕೆಲವೊಮ್ಮೆ ಆಕೆ ಎದ್ದು ಓಡಾಡ್ತಾಳೆ, ನಗ್ತಾಳೆ, ಕೇಳಿದ್ದಕ್ಕೆ ಉತ್ತರವನ್ನೂ ಕೊಡ್ತಾಳೆ. ಬೆಳಿಗ್ಗೆ ಎದ್ದಾಗ ಮಾತ್ರ ಒಂದೂ ನೆನಪಿರೋದಿಲ್ಲ. ನೋಡಿದವರು 'ಚೆನ್ನಾಗೇ ಇದ್ಲಲ್ಲ, ಅವಳೇ ಅವನ ಜೊತೆ ನಡ್ಕೊಂಡು ಹೋದ್ಲು' ಅಂತ ಸಾಕ್ಷಿ ಹೇಳ್ತಾರೆ. ಅವಳಿಗೂ ತನ್ನ ಮೇಲೇ ಅನುಮಾನ ಶುರುವಾಗುತ್ತೆ.

ಗೊತ್ತಿರುವವರ ಕೈ

ಯಾರು ಹೀಗೆಲ್ಲ ಮಾಡೋದು? ಕತ್ತಲೆ ಬಾರ್‌ನ ಮೂಲೆಯಲ್ಲಿ ಕೂತಿರುವ ಅಪರಿಚಿತ ಅಂತ ನಾವು ಮಕ್ಕಳಿಗೆ ಹೇಳಿಕೊಟ್ಟಿದ್ದೀವಿ. ಅವನೂ ಇರಬಹುದು. ಆದರೆ ನಿಮ್ಮ ಲೋಟದ ಹತ್ತಿರ ಬರೋಕೆ ಯಾರಿಗೆ ಸುಲಭ? ಸಹೋದ್ಯೋಗಿಗೆ, ಕ್ಲಾಸ್‌ಮೇಟ್‌ಗೆ, ಫ್ರೆಂಡಿನ ಫ್ರೆಂಡ್‌ಗೆ, 'ಅಣ್ಣ' ಅಂತ ಕರೆಸಿಕೊಳ್ಳುವವನಿಗೆ, 'ನಾನೇ ತಂದ್ಕೊಡ್ತೀನಿ, ನೀವು ಕೂತ್ಕೊಳಿ' ಅನ್ನುವ ಮರ್ಯಾದಸ್ಥನಿಗೆ.

ಫ್ರಾನ್ಸ್‌ನ ಜಿಸೇಲ್ ಪೆಲಿಕೊ ಅವರ ಹೆಸರು ನೀವು ಕೇಳಿರಬಹುದು. ಮಕ್ಕಳು ಮೊಮ್ಮಕ್ಕಳಿರುವ ಗೃಹಿಣಿ. ಬಾರ್ ಇಲ್ಲ, ಪಾರ್ಟಿ ಇಲ್ಲ, ಮಜಾನ್ ಅನ್ನೋ ಸಣ್ಣ ಊರಿನಲ್ಲಿ ನಿವೃತ್ತ ಗಂಡನ ಜೊತೆ ನೆಮ್ಮದಿಯ ಸಂಸಾರ. ಅಡಿಗಡಿಗೆ ನೆನಪು ತಪ್ಪುತ್ತಿತ್ತು, ವಿಪರೀತ ಸುಸ್ತಾಗುತ್ತಿತ್ತು. ಮಿದುಳಿನಲ್ಲಿ ಗಡ್ಡೆಯೋ ಮರೆವಿನ ಕಾಯಿಲೆಯೋ ಅಂತ ಹೆದರಿ ಡಾಕ್ಟರುಗಳ ಹತ್ತಿರ ಅಲೆದರು. ಗಂಡನೇ ಜೊತೆಗೆ ಬರುತ್ತಿದ್ದ! 2020ರಲ್ಲಿ ಆತ ಸೂಪರ್ ಮಾರ್ಕೆಟ್ಟಿನಲ್ಲಿ ಹೆಂಗಸರ ಲಂಗದ ಕೆಳಗೆ ಕದ್ದು ವಿಡಿಯೋ ಮಾಡುವಾಗ ಸಿಕ್ಕಿಬಿದ್ದ. ಪೊಲೀಸರು ಅವನ ಕಂಪ್ಯೂಟರ್ ತೆಗೆದು ನೋಡಿದಾಗ ವಿಷಯ ಬಯಲಾಯ್ತು. ಸುಮಾರು ಹತ್ತು ವರ್ಷ ಹೆಂಡತಿಯ ಊಟದಲ್ಲಿ, ಪಾನೀಯದಲ್ಲಿ ನಿದ್ದೆ ಮತ್ತು ಆತಂಕದ ಮಾತ್ರೆ ಬೆರೆಸಿ, ಪ್ರಜ್ಞೆ ತಪ್ಪಿದ ಮೇಲೆ ತಾನೂ ಅತ್ಯಾಚಾರ ಮಾಡಿ, ಬೇರೆ ಗಂಡಸರನ್ನೂ ಕರೆಸುತ್ತಿದ್ದ. 2024ರ ಡಿಸೆಂಬರ್ 19ರಂದು ಅವಿನ್ಯೋನ್ ಕೋರ್ಟು ಗಂಡನಿಗೆ 20 ವರ್ಷ ಶಿಕ್ಷೆ ಕೊಟ್ಟಿತು. ಅವನೂ ಸೇರಿ ಆರೋಪ ಹೊತ್ತ 51 ಮಂದಿಯೂ ತಪ್ಪಿತಸ್ಥರೆಂದು ತೀರ್ಪಾಯ್ತು. ಹೆಸರು ಗುಟ್ಟಾಗಿಡುವ ಹಕ್ಕು ಆಕೆಗಿತ್ತು. ಬೇಡ ಅಂದರು. ಬಾಗಿಲು ತೆರೆದೇ ವಿಚಾರಣೆ ನಡೆಯಲಿ, ನಾಚಿಕೆಪಡಬೇಕಾದವರು ಅವರು, ನಾನಲ್ಲ ಅಂತ ಎಪ್ಪತ್ತು ದಾಟಿದ ಆ ಹೆಂಗಸು ದಿನವೂ ಎಲ್ಲರೆದುರು ತಲೆ ಎತ್ತಿಕೊಂಡು ಕೋರ್ಟಿಗೆ ಬಂದರು.

ನಿಮ್ಮನೆಯವರನ್ನ ಅನುಮಾನದಿಂದ ನೋಡಿ ಅಂತ ಇದನ್ನ ಹೇಳ್ತಾ ಇಲ್ಲ. 'ಗೊತ್ತಿರೋರೇ ಅಲ್ವಾ' ಅನ್ನೋ ಒಂದು ಕಾರಣಕ್ಕೆ ಎಚ್ಚರ ಬಿಡಬಾರದು ಅಂತ ಹೇಳ್ತಿದ್ದೀನಿ. ಕಾರಣ ಗೊತ್ತಿಲ್ಲದೆ ಪದೇ ಪದೇ ಮಂಪರು, ನೆನಪು ತಪ್ಪೋದು ಇದ್ದರೆ ಡಾಕ್ಟರ ಹತ್ತಿರ ಒಬ್ಬರೇ ಕೂತು ಮಾತಾಡುವ ಅವಕಾಶ ಕೇಳಿ.

ಗಂಡುಮಕ್ಕಳ ತಾಯಂದಿರೂ ನಿಶ್ಚಿಂತೆಯಿಂದ ಇರೋ ಹಾಗಿಲ್ಲ. ಇಂಗ್ಲೆಂಡಿನ ಮ್ಯಾಂಚೆಸ್ಟರ್‌ನಲ್ಲಿ ಒಬ್ಬ ವಿದ್ಯಾರ್ಥಿ ರಾತ್ರಿ ಕ್ಲಬ್‌ಗಳಿಂದ ಹೊರಬಂದು ಒಂಟಿಯಾಗಿ ನಿಂತ ಹುಡುಗರನ್ನ ಮಾತಾಡಿಸಿ, ಟ್ಯಾಕ್ಸಿ ಬರೋ ತನಕ ನಮ್ಮ ರೂಮಿನಲ್ಲಿರು, ಫೋನ್ ಚಾರ್ಜ್ ಮಾಡ್ಕೋ ಅಂತ ಕರೆದೊಯ್ದು ಮತ್ತಿನ ಪಾನೀಯ ಕೊಡುತ್ತಿದ್ದ. 48 ಮಂದಿ ಗಂಡಸರ ಮೇಲಿನ ಅಪರಾಧ ಸಾಬೀತಾಗಿ ಅವನಿಗೆ ಜೀವಾವಧಿ ಶಿಕ್ಷೆಯಾದ ಸುದ್ದಿ ಹೊರಬಂದಿದ್ದು 2020ರ ಜನವರಿಯಲ್ಲಿ. ಅವರಲ್ಲಿ ಹೆಚ್ಚಿನವರಿಗೆ ಪೊಲೀಸರು ಬಂದು ಹೇಳುವ ತನಕ ತಮಗೇನಾಗಿದೆ ಅಂತಲೇ ಗೊತ್ತಿರಲಿಲ್ಲ.

ಪಾರ್ಟಿಯಲ್ಲಿ...

ಸೀಲ್ ಇರುವ ಬಾಟಲಿಯನ್ನ ನಿಮ್ಮೆದುರೇ ತೆರೆಸಿ. ಕೌಂಟರ್‌ನಲ್ಲಿ ಬಗ್ಗಿಸೋದನ್ನ ನೀವೇ ನಿಂತು ನೋಡಿ, ನೀವೇ ಕೈಯಲ್ಲಿ ಇಸ್ಕೊಳ್ಳಿ. ವೇಟರ್ ಟ್ರೇಯಲ್ಲಿ ತಂದರೆ ತಗೊಳ್ಳಬಹುದು, ಆದರೆ ಮಧ್ಯದಲ್ಲಿ ಇನ್ನೊಬ್ಬರು ಎತ್ತಿಕೊಂಡು ನಿಮಗೆ ದಾಟಿಸಿದ್ದನ್ನಲ್ಲ. ದೊಡ್ಡ ಬೋಗುಣಿಯಲ್ಲಿ ಕಲಸಿಟ್ಟು ಎಲ್ಲರೂ ಸೌಟಿನಲ್ಲಿ ಬಗ್ಗಿಸಿಕೊಳ್ಳುವ ಪಂಚ್ ಇದೆಯಲ್ಲ, ಅದರಲ್ಲಿ ಏನೇನಿದೆ ಅನ್ನೋದು ಕಲಸಿದವರಿಗೇ ಗೊತ್ತಿರೋದಿಲ್ಲ.

ಡ್ಯಾನ್ಸ್‌ಗೆ, ಬಾತ್‌ರೂಮಿಗೆ, ಫೋಟೋಗೆ ಎದ್ದು ಹೋದಿರಾ? ವಾಪಸ್ ಬಂದ ಮೇಲೆ ಆ ಲೋಟ ನಿಮ್ಮದಲ್ಲ. ಅರ್ಧ ಇದ್ದರೂ ಬಿಟ್ಟುಬಿಡಿ. ಅನ್ನದ ಅಗಳನ್ನೂ ಚೆಲ್ಲಬಾರದು ಅಂತ ಬೆಳೆದವರು ನಾವು, ಮುನ್ನೂರು ರೂಪಾಯಿಯ ಮಾಕ್‌ಟೇಲ್ ಬಿಡೋಕೆ ಕೈ ಬರೋದಿಲ್ಲ ನಿಜ. ಬಿಡಲೇಬೇಕು. ಮಗಳಿಗೂ ಇದನ್ನೇ ಹೇಳಿ, 'ದುಡ್ಡು ಹೋದ್ರೆ ಹೋಗ್ಲಿ, ಇನ್ನೊಂದು ತಗೋ' ಅಂತ.

ಪರೀಕ್ಷೆ ಮಾಡುವ ಕಾಗದದ ಪಟ್ಟಿ, ಲೋಟಕ್ಕೆ ಹಾಕುವ ಟೋಪಿ ಇವೆಲ್ಲ ಆನ್‌ಲೈನ್‌ನಲ್ಲಿ ಸಿಗುತ್ತವೆ. 2014ರಲ್ಲಿ ಅಮೆರಿಕದ ನಾರ್ತ್ ಕ್ಯಾರೊಲೈನಾದ ನಾಲ್ವರು ವಿದ್ಯಾರ್ಥಿಗಳು, ಪಾನೀಯದಲ್ಲಿ ಬೆರಳದ್ದಿದರೆ ಬಣ್ಣ ಬದಲಾಗುವ ನೇಲ್ ಪಾಲಿಶ್ ಮಾಡ್ತೀವಿ ಅಂತ ಹೇಳಿ ಜಗತ್ತಿನಾದ್ಯಂತ ಸುದ್ದಿಯಾಗಿದ್ದರು. ಟೋಪಿ ಹಾಕೋದರಿಂದ ನಷ್ಟವೇನಿಲ್ಲ, ಹಾಕ್ಕೊಳ್ಳಲಿ. ಪಟ್ಟಿಯನ್ನ ಮಾತ್ರ ಪೂರ್ತಿ ನಂಬೋ ಹಾಗಿಲ್ಲ. ಅದು ಒಂದೆರಡು ಔಷಧಿಯನ್ನ ಹಿಡಿಯಬಹುದು, ಉಳಿದದ್ದನ್ನ ಹಿಡಿಯೋದಿಲ್ಲ. ಸುರಿದಿರುವುದು ವೋಡ್ಕಾ ಆಗಿದ್ದರೆ ಅದು ಏನು ಹೇಳೀತು?

ಇವೆಲ್ಲಕ್ಕಿಂತ ನನಗೆ ಹೆಚ್ಚು ನಂಬಿಕೆ ಇರೋದು ಜೊತೆಗಾರ್ತಿಯರ ಮೇಲೆ. ನಾಲ್ಕು ಜನ ಹೋದರೆ ನಾಲ್ಕು ಜನವೂ ವಾಪಸ್ ಬರಬೇಕು, ಅದರಲ್ಲಿ ಒಬ್ಬಳು ಆ ರಾತ್ರಿ ನೀರು ಬಿಟ್ಟು ಬೇರೇನೂ ಕುಡಿಯಬಾರದು. ಫೋನ್ ಪೂರ್ತಿ ಚಾರ್ಜ್ ಆಗಿರಬೇಕು. ಒಬ್ಬ ಹುಡುಗಿ ತೂರಾಡ್ತಾ ಇದ್ದಾಗ 'ನೀವೆಲ್ಲ ಎಂಜಾಯ್ ಮಾಡಿ, ಅವಳನ್ನ ನಾನು ಡ್ರಾಪ್ ಮಾಡ್ತೀನಿ' ಅಂತ ಮುಂದೆ ಬರುವ ಗಂಡಸು ಎಷ್ಟೇ ಒಳ್ಳೆಯವನಾಗಿರಲಿ, ಆ ಜವಾಬ್ದಾರಿ ಅವನೊಬ್ಬನ ಕೈಗೆ ಕೊಡಬಾರದು. ಅವನು ನಿಜವಾಗಲೂ ಒಳ್ಳೆಯವನಾಗಿದ್ದರೆ 'ನಾವೂ ಬರ್ತೀವಿ' ಅಂದಾಗ ಬೇಜಾರು ಮಾಡ್ಕೊಳ್ಳೋದಿಲ್ಲ.

ನಿಂಬೆ ಪಾನಕ ಬೇಡ

ಕುಡಿದಿದ್ದು ಸ್ವಲ್ಪವೇ, ಅಥವಾ ಬರೀ ಜ್ಯೂಸು. ಆದರೂ ಹದಿನೈದು ಇಪ್ಪತ್ತು ನಿಮಿಷದಲ್ಲಿ, ಕೆಲವೊಮ್ಮೆ ಅರ್ಧ ಗಂಟೆ ಬಿಟ್ಟು, ತಲೆಸುತ್ತು, ನಾಲಿಗೆ ತೊದಲು, ಕಾಲಲ್ಲಿ ಬಲವಿಲ್ಲದ ಹಾಗೆ, ತಡೆಯಲಾಗದ ನಿದ್ದೆ, ವಾಂತಿ, ಎಲ್ಲಿದ್ದೀನಿ ಅನ್ನೋ ಗೊಂದಲ ಶುರುವಾಯ್ತು ಅಂದರೆ ಅದನ್ನ 'ಆಸಿಡಿಟಿ ಇರಬೇಕು' ಅಂತ ತಳ್ಳಿಹಾಕಬೇಡಿ. ಪ್ರಜ್ಞೆ ಇರುವಾಗಲೇ ನಂಬಿಕೆಯವರಿಗೆ 'ನಂಗೇನೋ ಆಗ್ತಿದೆ, ನನ್ನ ಬಿಟ್ಟು ಹೋಗಬೇಡಿ' ಅಂತ ಬಾಯಿಬಿಟ್ಟು ಹೇಳಬೇಕು. ಒಬ್ಬರೇ ಬಾತ್‌ರೂಮಿಗೆ ಹೋಗಿ ಚಿಲಕ ಹಾಕಿಕೊಳ್ಳಬಾರದು, ಒಬ್ಬರೇ ಆಟೋ ಹತ್ತಬಾರದು. ಬಾರ್ ಅಥವಾ ಹೋಟೆಲಿನಲ್ಲಾದರೆ ಮ್ಯಾನೇಜರಿಗೆ ತಿಳಿಸಿ, ಆ ಲೋಟ ತೊಳೆಯದೆ ಎತ್ತಿಡಲಿ, ಸಿಸಿಟಿವಿ ಅಳಿಸದೆ ಇಟ್ಟುಕೊಳ್ಳಲಿ.

ನಮ್ಮ ಕಡೆ ಕುಡಿದವರಿಗೆ ನಿಂಬೆಹಣ್ಣಿನ ಪಾನಕ, ಹುಳಿ ಮಜ್ಜಿಗೆ, ಸ್ಟ್ರಾಂಗ್ ಕಾಫಿ ಕೊಡೋದು, ತಣ್ಣೀರು ಸುರಿಯೋದು, ಗಂಟಲಿಗೆ ಬೆರಳು ಹಾಕಿ ವಾಂತಿ ಮಾಡಿಸೋದು ವಾಡಿಕೆ. ಇದ್ಯಾವುದೂ ರಕ್ತದಲ್ಲಿರೋದನ್ನ ಇಳಿಸೋದಿಲ್ಲ. ಅರೆಪ್ರಜ್ಞೆಯಲ್ಲಿರುವವರ ಬಾಯಿಗೆ ಏನು ಹಾಕಿದರೂ ಅದು ಶ್ವಾಸಕೋಶಕ್ಕೆ ಹೋಗಿ ಉಸಿರು ಕಟ್ಟಬಹುದು. ಅಂಗಾತ ಮಲಗಿಸಬೇಡಿ, ಮಗ್ಗುಲಿಗೆ ತಿರುಗಿಸಿ ಮಲಗಿಸಿ, ಉಸಿರಾಟ ಗಮನಿಸ್ತಾ ಪಕ್ಕದಲ್ಲೇ ಇರಿ. 'ಮಲಗಿ ಎದ್ರೆ ಸರಿಹೋಗ್ತಾಳೆ' ಅಂತ ರೂಮಿನ ಬಾಗಿಲು ಹಾಕಿಕೊಂಡು ಬರಬೇಡಿ. ಎಬ್ಬಿಸಿದರೆ ಏಳದಿದ್ದರೆ, ಉಸಿರು ನಿಧಾನವಾದರೆ ತಡಮಾಡದೆ 108 ಅಥವಾ 112ಕ್ಕೆ ಫೋನ್ ಮಾಡಿ, ಇಲ್ಲವೇ ಹತ್ತಿರದ ಆಸ್ಪತ್ರೆಯ ಎಮರ್ಜೆನ್ಸಿಗೆ ಕರೆದೊಯ್ಯಿರಿ.

ಆಸ್ಪತ್ರೆಯಲ್ಲಿ ಸುಳ್ಳು ಹೇಳಬಾರದು. 'ಫುಡ್ ಪಾಯಿಸನ್ ಡಾಕ್ಟ್ರೇ' ಅಂದರೆ ಅವರು ಬೇರೆಯದೇ ಚಿಕಿತ್ಸೆ ಶುರು ಮಾಡ್ತಾರೆ. ಕುಡಿದಿದ್ದರೆ ಎಷ್ಟು ಕುಡಿದಿದ್ದು, ಯಾವ ಹೊತ್ತಿಗೆ, ಯಾರೋ ಏನೋ ಬೆರೆಸಿರುವ ಅನುಮಾನವಿದೆ ಅಂತ ಸ್ಪಷ್ಟವಾಗಿ ಹೇಳಿ, ಅದನ್ನ ಬರೆಸಿ. ರಕ್ತ, ಮೂತ್ರದ ಸ್ಯಾಂಪಲ್ ತೆಗೆದಿಡಿ ಅಂತ ನೀವೇ ಕೇಳಿ. ಇಲ್ಲಿ ಗಡಿಯಾರ ಮುಖ್ಯ. ಜಿಎಚ್‌ಬಿಯಂಥದ್ದು ಸುಮಾರು 12 ಗಂಟೆ ಕಳೆದರೆ ಮೂತ್ರದಲ್ಲೂ ಸಿಗೋದಿಲ್ಲ, ರಕ್ತದಲ್ಲಿ ಅದಕ್ಕಿಂತ ಬೇಗ ಮಾಯ. ನಿದ್ದೆ ಮಾತ್ರೆಗಳು ಕೆಲವು ದಿನ ಉಳಿಯಬಹುದು. ಆಸ್ಪತ್ರೆಗೆ ಹೋಗೋದು ತಡವಾಗುತ್ತೆ ಅಂತಾದರೆ ಮೊದಲ ಸಲದ ಮೂತ್ರವನ್ನ ಶುಭ್ರವಾದ ಮುಚ್ಚಳದ ಬಾಟಲಿಯಲ್ಲಿ ಹಿಡಿದು ಫ್ರಿಜ್‌ನಲ್ಲಿಡಿ. ಅಸಹ್ಯ ಪಡಬೇಡಿ, ನಾಳೆ ಅದೇ ಸಾಕ್ಷಿ. ಸಾಮಾನ್ಯ ಲ್ಯಾಬಿನ ಪರೀಕ್ಷೆಯಲ್ಲಿ ಎಲ್ಲವೂ ಕಾಣೋದಿಲ್ಲ ಅನ್ನೋದೂ ಗೊತ್ತಿರಲಿ. ಪೊಲೀಸ್ ಕೇಸಾದರೆ ಸ್ಯಾಂಪಲ್ಲು ವಿಧಿವಿಜ್ಞಾನ ಪ್ರಯೋಗಾಲಯಕ್ಕೆ ಹೋಗುತ್ತೆ. ರಿಪೋರ್ಟಿನಲ್ಲಿ ಏನೂ ಇಲ್ಲ ಅಂತ ಬಂದ ಮಾತ್ರಕ್ಕೆ ಏನೂ ಆಗಿಲ್ಲ ಅಂತಲೂ ಅಲ್ಲ.

ದೌರ್ಜನ್ಯ ನಡೆದಿರುವ ಅನುಮಾನವಿದ್ದರೆ ಇನ್ನೂ ಕೆಲವು ವಿಷಯ. ಮಗಳನ್ನ ಕಂಡ ಕೂಡಲೇ ಸ್ನಾನ ಮಾಡಿಸಿಬಿಡೋಣ ಅಂತ ತಾಯಿಗೆ ಅನ್ನಿಸುತ್ತೆ. ಪರೀಕ್ಷೆ ಆಗುವ ತನಕ ಬೇಡ. ಬಟ್ಟೆ ಒಗೆಯಬೇಡಿ, ಪ್ಲಾಸ್ಟಿಕ್ ಕವರಿಗಲ್ಲ, ಪೇಪರ್ ಕವರಿಗೆ ಹಾಕಿಡಿ. ಗರ್ಭ ತಡೆಯುವ ಮಾತ್ರೆಯಾಗಲಿ, ಎಚ್‌ಐವಿ ಬಾರದಂತೆ ಕೊಡುವ ಔಷಧಿಯಾಗಲಿ 72 ಗಂಟೆಯೊಳಗೆ ಶುರುವಾಗಬೇಕು, ಬೇಗ ಆದಷ್ಟೂ ಒಳ್ಳೆಯದು. ಅತ್ಯಾಚಾರಕ್ಕೊಳಗಾದವರಿಗೆ ಸರ್ಕಾರಿ, ಖಾಸಗಿ ಎಲ್ಲಾ ಆಸ್ಪತ್ರೆಗಳೂ ತಕ್ಷಣ ಉಚಿತವಾಗಿ ಚಿಕಿತ್ಸೆ ಕೊಡಲೇಬೇಕು, 'ಮೊದಲು ಕಂಪ್ಲೇಂಟ್ ಕೊಟ್ಟು ಬನ್ನಿ' ಅನ್ನೋ ಹಾಗಿಲ್ಲ. ಹಿಂದೆ ಇದ್ದ ಅವಮಾನಕರವಾದ 'ಎರಡು ಬೆರಳಿನ ಪರೀಕ್ಷೆ' ಮಾಡಕೂಡದು ಅಂತ ಸುಪ್ರೀಂ ಕೋರ್ಟ್ 2022ರಲ್ಲಿ ಮತ್ತೊಮ್ಮೆ ಖಡಾಖಂಡಿತವಾಗಿ ಹೇಳಿದೆ.

ಕಾನೂನಿನ ಮಾತು ಚುಟುಕಾಗಿ ಹೇಳ್ತೀನಿ. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನ್ಯಾಯ ಸಂಹಿತೆಯ 123ನೇ ಕಲಂ ಪ್ರಕಾರ, ಅಪರಾಧ ಮಾಡುವ ಉದ್ದೇಶದಿಂದ ಮತ್ತು ಬರಿಸುವ ಅಥವಾ ಅಮಲೇರಿಸುವ ಪದಾರ್ಥ ಕೊಟ್ಟರೆ 10 ವರ್ಷದವರೆಗೆ ಜೈಲು, ಜೊತೆಗೆ ದಂಡ. ಮುಂದಿನ ಅಪರಾಧ ನಡೆಯಲೇಬೇಕು ಅಂತಿಲ್ಲ, ಬೆರೆಸಿ ಕೊಟ್ಟಿದ್ದೇ ತಪ್ಪು. ಅಮಲಿನಲ್ಲಿ ಏನಾಗ್ತಿದೆ ಅಂತ ಅರಿವಿಲ್ಲದವಳು 'ಹೂಂ' ಅಂದಿದ್ದರೂ ಅದು ಒಪ್ಪಿಗೆಯಲ್ಲ ಅಂತ ಅತ್ಯಾಚಾರದ ಕಲಂನಲ್ಲೇ ಇದೆ. ಘಟನೆ ಎಲ್ಲೇ ನಡೆದಿರಲಿ, ನಿಮ್ಮ ಮನೆ ಹತ್ತಿರದ ಠಾಣೆಯಲ್ಲೇ ಜೀರೋ ಎಫ್‌ಐಆರ್ ಮಾಡಿಸಬಹುದು. ಲೈಂಗಿಕ ದೌರ್ಜನ್ಯದ ದೂರಾದರೆ ಮಹಿಳಾ ಅಧಿಕಾರಿಯೇ ಬರೆದುಕೊಳ್ಳಬೇಕು. ಅತ್ಯಾಚಾರದ ಪ್ರಕರಣದಲ್ಲಿ ಅವಳ ಹೆಸರು, ಗುರುತು ಪ್ರಕಟಿಸಿದವರಿಗೂ ಶಿಕ್ಷೆ ಇದೆ. ಎಲ್ಲಿಂದ ಶುರು ಮಾಡೋದು ಅಂತ ತಿಳಿಯದಿದ್ದರೆ ಮಹಿಳಾ ಸಹಾಯವಾಣಿ 181 ಇದೆ.

ಆ ಫೋನ್ ಕಾಲ್

ಇಷ್ಟೆಲ್ಲ ಸರಿ. ಆದರೆ ರಾತ್ರಿ ಹನ್ನೊಂದೂವರೆಗೆ ತಲೆ ತಿರುಗಿ ಕೂತ ಹುಡುಗಿ ಇದ್ಯಾವುದನ್ನೂ ಮಾಡದೆ ಸುಮ್ಮನಾಗೋದು ಯಾಕೆ? 'ಮನೇಲಿ ಗೊತ್ತಾದ್ರೆ ಕೊಂದೇ ಹಾಕ್ತಾರೆ.' ಈ ಒಂದು ಭಯಕ್ಕೆ. ಪಾರ್ಟಿಗೆ ಬಂದಿದ್ದೇ ಗೊತ್ತಿಲ್ಲ, ಕುಡಿದಿದ್ದು ಮೊದಲೇ ಗೊತ್ತಿಲ್ಲ, ಜೊತೆಗೆ ಹುಡುಗರು ಬೇರೆ. ಒಂದು ಸುಳ್ಳು ಮುಚ್ಚಿಡೋಕೆ ಹೋಗಿ ಆಸ್ಪತ್ರೆಗೂ ಹೋಗೋದಿಲ್ಲ, ಪೊಲೀಸರಿಗೂ ಹೇಳೋದಿಲ್ಲ. ಬೆರೆಸಿದವನಿಗೆ ಇದು ಚೆನ್ನಾಗಿ ಗೊತ್ತು. ಅವನ ಧೈರ್ಯವೆಲ್ಲ ಇರೋದು ಮಾತ್ರೆಯಲ್ಲಲ್ಲ, ನಮ್ಮ ಮನೆಯ ಬೈಗುಳದಲ್ಲಿ.

ಪಾರ್ಟಿಗೇ ಕಳಿಸದಿದ್ದರೆ ಆಯ್ತಲ್ಲ ಅಂತೀರಾ? ಹತ್ತನೇ ಕ್ಲಾಸಿನ ತನಕ ಅದು ನಡೆದೀತು. ಕಾಲೇಜಿಗೆ, ಕೆಲಸಕ್ಕೆ, ಪಿಜಿಗೆ ಹೋದ ಮೇಲೆ ಅವಳು ನಿಮ್ಮನ್ನ ಕೇಳಿ ಹೋಗೋದಿಲ್ಲ, ಹೇಳದೇ ಹೋಗ್ತಾಳೆ. ಕುಡಿಯೋದು ಒಳ್ಳೆಯದಲ್ಲ ಅಂತ ನೀವು ಹೇಳಬಾರದು ಅಂತ ನಾನು ಹೇಳ್ತಿಲ್ಲ. ಖಂಡಿತ ಹೇಳಿ, ನಿಮ್ಮ ಮನೆಯ ರೀತಿನೀತಿ ನಿಮ್ಮದು. ಅದನ್ನ ಹೇಳುವ ಹೊತ್ತು ಬೇರೆ, ಫೋನ್ ಬರುವ ಹೊತ್ತು ಬೇರೆ.

ಈ ವಾರವೇ, ಪಾರ್ಟಿ ಗೀರ್ಟಿ ಯಾವುದೂ ಇಲ್ಲದ ಒಂದು ಸಾಧಾರಣ ದಿನ, ಸೊಪ್ಪು ಬಿಡಿಸ್ತಾ ಕೂತಾಗ ಮಗಳಿಗೆ ಹೇಳಿ. 'ನೋಡು ಪುಟ್ಟಾ, ನೀನು ಎಲ್ಲೇ ಇರು, ಏನೇ ಕುಡಿದಿರು, ಯಾರ ಜೊತೆಗೇ ಹೋಗಿರು, ಮೈ ಸರಿಯಿಲ್ಲ ಅನ್ನಿಸಿದ್ರೆ ನಂಗೆ ಫೋನ್ ಮಾಡು. ಬರ್ತೀನಿ. ಅವತ್ತು ಒಂದು ಪ್ರಶ್ನೆಯನ್ನೂ ಕೇಳಲ್ಲ.' ಮಾತಾಡೋಕೆ ಆಗದ ಸಂದರ್ಭಕ್ಕೆ ಇಬ್ಬರಿಗೇ ಗೊತ್ತಿರುವ ಒಂದು ಮಾತು ಇಟ್ಟುಕೊಳ್ಳಿ. 'ಅಜ್ಜಿ ಮಾತ್ರೆ ತಗೊಂಡ್ರಾ?' ಅಂತ ಮೆಸೇಜ್ ಬಂದರೆ 'ಬಂದು ಕರ್ಕೊಂಡ್ಹೋಗು' ಅಂತ ಅರ್ಥ, ಹೀಗೆ ಏನಾದರೂ. ಲೊಕೇಶನ್ ಕಳಿಸೋದನ್ನ ನೀವೂ ಕಲಿತುಕೊಳ್ಳಿ, ಒಂದು ಸಲ ಮಾಡಿ ನೋಡಿ. ಹಾಗೆ ಕರೆ ಬಂದ ರಾತ್ರಿ ಕಾರಿನಲ್ಲಿ ಲೆಕ್ಚರ್ ಶುರು ಮಾಡಿದಿರೋ, ಎರಡನೇ ಸಲ ಫೋನ್ ಬರೋದಿಲ್ಲ.

ಮಗನ ಜೊತೆಗೂ ಕೂತು ಮಾತಾಡಿ. ಫ್ರೆಂಡ್ಸ್ ಒಬ್ಬ ಹುಡುಗಿಯ ಲೋಟಕ್ಕೆ ಏನೋ ಹಾಕಿ ಕಣ್ಣು ಮಿಟುಕಿಸಿದಾಗ ಜೊತೆಗೆ ನಕ್ಕವನೂ ಅದರಲ್ಲಿ ಪಾಲುದಾರನೇ, ಆ ಲೋಟ ಎತ್ತಿ ಸುರಿದು 'ಇದನ್ನ ಕುಡೀಬೇಡ' ಅಂತ ಅವಳಿಗೆ ಹೇಳೋ ಗಂಡಸು ನೀನಾಗಬೇಕು ಅಂತ ನೇರವಾಗಿ ಹೇಳಿ. ಹಾಗೇ ಅವನಿಗೂ ಏನಾದರೂ ಆದರೆ 'ಗಂಡಸಾಗಿ ಹೀಗಾ?' ಅಂತ ಯಾರೂ ನಗೋದಿಲ್ಲ ಅನ್ನೋ ಭರವಸೆ ಕೊಡಿ.

ಅವರಪ್ಪನಿಗೆ ಏನು ಹೇಳೋದು ಅನ್ನೋ ಪ್ರಶ್ನೆ ಹೆಚ್ಚಿನ ಗೃಹಿಣಿಯರ ಮನಸ್ಸಿನಲ್ಲಿ ಬಂದೇ ಬರುತ್ತೆ. ಮುಚ್ಚಿಡಬೇಡಿ. ರಾತ್ರಿ ಕಾರು ತೆಗೆದುಕೊಂಡು ಹೋಗಬೇಕಾದವರು ಅವರೇ ಇರಬಹುದು, ಆಸ್ಪತ್ರೆಯಲ್ಲಿ ಸಹಿ ಹಾಕಬೇಕಾದವರೂ ಅವರೇ. ಮಗಳಿಗೆ ಹೇಳುವ ಮೊದಲೇ ಅವರ ಜೊತೆ ಈ ಮಾತು ಆಡಿ ಮುಗಿಸಿ. ಕಾಫಿ ಲೋಟ ಕೈಗೆ ಕೊಟ್ಟು, ಈ ಪುಟವನ್ನ ಮುಂದಿಟ್ಟು, 'ಇದನ್ನ ಓದಿ, ಆಮೇಲೆ ಮಾತಾಡೋಣ' ಅಂದರೂ ಸಾಕು.